ಸ್ಟುಡಿಯೊದಿಂದ ಗುಡ್ಡದ ಟ್ರಾನ್ಸ್‌ಮಿಟರಿಗೆ ಇಂಟರ್‌ನೆಟ್ ಮೇಲೆ ಎಫ್‌ಎಂ: ಸ್ಪೀಡ್ ಏರಿಸಿದರೆ ಸಾಲದು

ಪ್ರಶ್ನೆ: ನಮ್ಮದು ಮಲೆನಾಡಿನ ಸಣ್ಣ ಸಮುದಾಯ ರೇಡಿಯೊ. ಸ್ಟುಡಿಯೊ ಪೇಟೆಯಲ್ಲಿದೆ. 50 ವ್ಯಾಟ್ ಟ್ರಾನ್ಸ್‌ಮಿಟರ್ 7 ಕಿಲೋಮೀಟರ್ ದೂರದ ಗುಡ್ಡದ ಮೇಲಿದೆ. ಸ್ಟುಡಿಯೊದಿಂದ ಐಸ್‌ಕಾಸ್ಟ್ (ಇಂಟರ್‌ನೆಟ್ ರೇಡಿಯೊ ನಡೆಸುವ ತಂತ್ರಾಂಶ) ಮೂಲಕ 128 ಕೆಬಿಪಿಎಸ್ (ಸೆಕೆಂಡಿಗೆ 128 ಸಾವಿರ ಬಿಟ್) ಎಂಪಿ3 ಕಳಿಸುತ್ತೇವೆ. ಗುಡ್ಡದ ಮೇಲಿನ ಕಂಪ್ಯೂಟರ್ ಅದನ್ನು ತೆಗೆದುಕೊಂಡು ಟ್ರಾನ್ಸ್‌ಮಿಟರಿಗೆ ಕೊಡುತ್ತದೆ. ಬೆಳಗ್ಗೆ ಶುರು ಮಾಡಿದಾಗ ಮೂರು ಸೆಕೆಂಡ್ ತಡ ಇರುತ್ತದೆ, ಸಂಜೆ ಹೊತ್ತಿಗೆ ಅರ್ಧ ನಿಮಿಷ. ಆಗಾಗ ಧ್ವನಿ ಕಟ್ ಆಗುತ್ತದೆ, ಜೋರು ಮಳೆ ಬಂದರೆ ನಿಂತೇ ಹೋಗುತ್ತದೆ. ಈಗ 100 ಎಂಬಿಪಿಎಸ್ ಕನೆಕ್ಷನ್ ಇದೆ. 300ಕ್ಕೆ ಏರಿಸಬೇಕಾ? ಅಥವಾ ನೆಟ್ ಮೇಲೆ ಧ್ವನಿ ಕಳಿಸಲೆಂದೇ ಬರುವ ದುಬಾರಿ ಪೆಟ್ಟಿಗೆ ಕೊಳ್ಳಬೇಕಾ?

ಉತ್ತರ: 300ಕ್ಕೆ ಏರಿಸಬೇಡಿ. ಆ ದುಡ್ಡಿನಲ್ಲಿ ಗುಡ್ಡದ ಮೇಲೆ ಒಳ್ಳೆಯ ಬ್ಯಾಟರಿ ಹಾಕಿಸಿ. ಪೆಟ್ಟಿಗೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಧ್ವನಿ ಎಲ್ಲಿ ಒಡೆಯುತ್ತಿದೆ ಅಂತ ನೋಡೋಣ.

ನಿಮ್ಮ 128 ಕೆಬಿಪಿಎಸ್ ಧ್ವನಿ ಲೈನಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ? ಲೈವ್ ಕಳಿಸುವ ಸಾಮಾನ್ಯ ಕ್ರಮದಲ್ಲಿ ಒಂದು ಪ್ಯಾಕೆಟ್ಟಿನಲ್ಲಿ (ಇಂಟರ್‌ನೆಟ್ಟಿನಲ್ಲಿ ಎಲ್ಲವೂ ಹೋಗುವುದು ಇಂಥ ಸಣ್ಣ ಪೊಟ್ಟಣಗಳಾಗಿ) ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು, ಅಂದರೆ 20 ಮಿಲಿಸೆಕೆಂಡ್ ಧ್ವನಿ ಇರುತ್ತದೆ. ಅದು 320 ಬೈಟ್. ಅದರ ಮೇಲೆ ವಿಳಾಸ, ಕ್ರಮಸಂಖ್ಯೆ ಇತ್ಯಾದಿ 40 ಬೈಟ್. ಇಂಥವು ಸೆಕೆಂಡಿಗೆ ಐವತ್ತು. ಒಟ್ಟು ಲೆಕ್ಕ 144 ಕೆಬಿಪಿಎಸ್. ನಿಮ್ಮ 100 ಎಂಬಿಪಿಎಸ್‌ನಲ್ಲಿ ಇದು ಶೇಕಡಾ ಒಂದರ ಆರನೇ ಒಂದು ಪಾಲೂ ಆಗುವುದಿಲ್ಲ. ಕಂಪ್ರೆಸ್ ಮಾಡದೆ ಸಿಡಿ ಗುಣಮಟ್ಟದಲ್ಲೇ ಕಳಿಸಿದರೂ 1,411 ಕೆಬಿಪಿಎಸ್ ಅಷ್ಟೇ. ಹಾಗಾಗಿ ಜಾಗದ ಕೊರತೆ ನಿಮಗಿಲ್ಲ.

ಕೊರತೆ ಇರುವುದು ಸಮಯಪಾಲನೆಯಲ್ಲಿ. ಟ್ರಾನ್ಸ್‌ಮಿಟರಿಗೆ ಪ್ರತಿ 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್ ಸಿಗಲೇಬೇಕು. ಇಂಟರ್‌ನೆಟ್ ಆ ಭರವಸೆ ಕೊಡುವುದಿಲ್ಲ. ಒಂದು ಪ್ಯಾಕೆಟ್ 15 ಮಿಲಿಸೆಕೆಂಡಿನಲ್ಲಿ ತಲುಪಿದರೆ ಮುಂದಿನದು 90ರಲ್ಲಿ ತಲುಪಬಹುದು, ಅದರ ಮುಂದಿನದು ಬರದೇ ಹೋಗಬಹುದು. ವಾಟ್ಸ್ಆ್ಯಪ್ ಫೋಟೊಗೆ ಇದರಿಂದ ಏನೂ ಆಗದು. ರೇಡಿಯೊಗೆ ಆಗುತ್ತದೆ, ಏಕೆಂದರೆ ಕೇಳುವವರ ಕಿವಿಗೆ ಅರ್ಧ ಸೆಕೆಂಡಿನ ಖಾಲಿಯೂ ಗೊತ್ತಾಗುತ್ತದೆ.

1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದಾಗ ಈ ತಾಪತ್ರಯ ಇರಲಿಲ್ಲ. ಮೈಕು, ಟ್ರಾನ್ಸ್‌ಮಿಟರ್ ಎರಡೂ ಒಂದೇ ಸೂರಿನಡಿ. ಎರಡೂ ಬೇರೆಬೇರೆ ಕಡೆ ಹೋದ ಮೇಲೆ ದೊಡ್ಡ ಕೇಂದ್ರಗಳು ಟೆಲಿಫೋನ್ ಇಲಾಖೆಯ ಮೀಸಲು ಲೈನ್ ಹಿಡಿದವು, ಇಲ್ಲವೇ ಅದಕ್ಕಾಗಿಯೇ ಬೇರೆ ತರಂಗಾಂತರದ ರೇಡಿಯೊ ಲಿಂಕ್ ಹಾಕಿಕೊಂಡವು. ಆ ದಾರಿಯಲ್ಲಿ ಬೇರೆ ಯಾರೂ ನುಗ್ಗುತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ನಿಮ್ಮ ಪ್ಯಾಕೆಟ್ಟುಗಳು ಇಡೀ ಊರಿನ ಕ್ರಿಕೆಟ್, ಸೀರಿಯಲ್ ಜೊತೆಗೆ ಸಾಲಿನಲ್ಲಿ ನಿಲ್ಲಬೇಕು.

ಈ ಏರುಪೇರನ್ನು ನುಂಗಿಕೊಳ್ಳಲು ಗುಡ್ಡದ ಕಡೆ ಬಫರ್ ಇರುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನ ಹಾಗೆ. ಪುರಸಭೆ ನೀರು ಬಂದಾಗ ಬರಲಿ, ಟ್ಯಾಂಕಿನಲ್ಲಿ ನೀರಿರುವ ತನಕ ನಲ್ಲಿ ಒಂದೇ ಸಮನೆ ಬರುತ್ತದೆ. ಎರಡು ಸೆಕೆಂಡ್ ಬಫರ್ ಇಟ್ಟರೆ ಎರಡು ಸೆಕೆಂಡಿನೊಳಗಿನ ಯಾವ ಅಡಚಣೆಯೂ ಹೊರಗೆ ಕೇಳಿಸುವುದಿಲ್ಲ. ಅದಕ್ಕೆ ತೆರುವ ಬೆಲೆ ಎರಡು ಸೆಕೆಂಡ್ ತಡ. ಸಮುದಾಯ ರೇಡಿಯೊಗೆ ಅದೇನೂ ನಷ್ಟವಲ್ಲ. ಎರಡು ವಿಷಯ ನೆನಪಿಟ್ಟರೆ ಸಾಕು. ನಿರೂಪಕರ ಹೆಡ್‌ಫೋನಿಗೆ ರೇಡಿಯೊದಿಂದ ವಾಪಸ್ ಬರುವ ಧ್ವನಿ ಕೊಡಬೇಡಿ, ತಮ್ಮದೇ ಮಾತು ತಡವಾಗಿ ಕೇಳಿದರೆ ಎಂಥವರೂ ತೊದಲುತ್ತಾರೆ. ಮಿಕ್ಸರಿನಿಂದಲೇ ಕೊಡಿ. ಇನ್ನೊಂದು, ಗಂಟೆ ಹೊಡೆಯುವ ಸದ್ದು ಹಾಕುತ್ತಿದ್ದರೆ ತಡದಷ್ಟು ಮುಂಚೆ ಹಾಕಿ.

ಹಾಗಾದರೆ ನಿಮ್ಮ ಮೂರು ಸೆಕೆಂಡ್ ಸಂಜೆಗೆ ಅರ್ಧ ನಿಮಿಷ ಆಗುವುದು ಹೇಗೆ? ಇದರಲ್ಲಿ ಎರಡು ಕೈವಾಡ ಇದೆ.

ಮೊದಲನೆಯದು ಐಸ್‌ಕಾಸ್ಟ್ ಕೆಲಸ ಮಾಡುವ ರೀತಿ. ಅದು ಟಿಸಿಪಿ ಅನ್ನುವ ಇಂಟರ್‌ನೆಟ್ ಸಾಗಣೆ ಪದ್ಧತಿಯ ಮೇಲೆ ಓಡುತ್ತದೆ. ಟಿಸಿಪಿಗೆ ಒಂದು ಬೈಟೂ ಕಳೆಯಬಾರದು ಅನ್ನುವ ಹಟ. ಪ್ಯಾಕೆಟ್ ಕಳೆದರೆ ಮತ್ತೆ ತರಿಸಿಕೊಳ್ಳುವ ತನಕ ಅದರ ಹಿಂದೆ ಬರುವುದೆಲ್ಲ ಕಾಯಬೇಕು. ಅಷ್ಟು ಹೊತ್ತು ಪ್ಲೇಯರ್ ನಿಲ್ಲುತ್ತದೆ, ಆಮೇಲೆ ನಿಂತ ಜಾಗದಿಂದಲೇ ಮುಂದುವರಿಸುತ್ತದೆ. ನಿಂತ ನಾಲ್ಕು ಸೆಕೆಂಡ್ ಶಾಶ್ವತವಾಗಿ ತಡಕ್ಕೆ ಸೇರಿಕೊಂಡಿತು. ದಿನಕ್ಕೆ ಆರೇಳು ಸಲ ಹೀಗಾದರೆ ಅರ್ಧ ನಿಮಿಷ ಆಗಿಯೇ ಆಗುತ್ತದೆ. ಇಲ್ಲಿ ಇನ್ನೊಂದು ಗಮನಿಸಿ. ಹಿಂದುಳಿದ ಕೇಳುಗರಿಗಾಗಿ ಐಸ್‌ಕಾಸ್ಟ್ ಒಂದು ಸಾಲು ಇಟ್ಟುಕೊಂಡಿರುತ್ತದೆ. ಸೆಟಿಂಗ್ ಮುಟ್ಟದಿದ್ದರೆ ಅದರ ಅಳತೆ 5,24,288 ಬೈಟ್. 128 ಕೆಬಿಪಿಎಸ್‌ನಲ್ಲಿ ಇದು ಸುಮಾರು 33 ಸೆಕೆಂಡ್. ಅದಕ್ಕಿಂತ ಹಿಂದೆ ಬಿದ್ದವರನ್ನು ಅದು ಹೊರಗೆ ಹಾಕುತ್ತದೆ. ನಿಮ್ಮ ತಡ ಅರ್ಧ ನಿಮಿಷದ ಹತ್ತಿರ ಬಂದು ಕಟ್ ಆಗುತ್ತಿದ್ದರೆ, ಹೊರಬಿದ್ದ ಕೇಳುಗ ನಿಮ್ಮ ಗುಡ್ಡದ ಕಂಪ್ಯೂಟರೇ ಇರಬಹುದು. ಲಾಗ್ ಫೈಲ್ ತೆರೆದು ನೋಡಿ, ಗೊತ್ತಾಗುತ್ತದೆ.

ಎರಡನೆಯದು ಎರಡು ಗಡಿಯಾರಗಳ ಜಗಳ. ಸ್ಟುಡಿಯೊದ ಸೌಂಡ್ ಕಾರ್ಡ್ ಸೆಕೆಂಡಿಗೆ 48,000 ಸಲ ಧ್ವನಿಯ ಅಳತೆ ತೆಗೆಯುತ್ತದೆ, ಗುಡ್ಡದ್ದು 48,000 ಸಲ ನುಡಿಸುತ್ತದೆ. ಆದರೆ ಎರಡರ ಒಳಗೆ ವೇಗ ನಿರ್ಧರಿಸುವ ಹರಳುಗಳು ಪೂರ್ತಿ ಒಂದೇ ಅಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಅಗ್ಗದ ಕಾರ್ಡುಗಳಲ್ಲಿ ಮಾಮೂಲಿ. ಸ್ಟುಡಿಯೊದ್ದು ಅಷ್ಟು ಚುರುಕಾಗಿದ್ದರೆ ದಿನಕ್ಕೆ ನಾಲ್ಕು ಸೆಕೆಂಡಿನಷ್ಟು ಧ್ವನಿ ಗುಡ್ಡದ ಮೇಲೆ ಜಮೆಯಾಗುತ್ತದೆ. ಗುಡ್ಡದ್ದು ಚುರುಕಾಗಿದ್ದರೆ ಬಫರ್ ಸೋರುತ್ತದೆ. ಒಂದು ಸೆಕೆಂಡಿನ ಬಫರ್ ಐದೂವರೆ ಗಂಟೆಯಲ್ಲಿ ಖಾಲಿ. ಒಂದು ಸಲ ಕಟ್ ಆಗಿ ಮತ್ತೆ ತುಂಬಿಕೊಂಡು ಹೊರಡುತ್ತದೆ. ನೆಟ್ ಸರಿಯಿದ್ದರೂ ಯಾಕೋ ದಿನಕ್ಕೆ ನಾಲ್ಕು ಸಲ ನಿಲ್ಲುತ್ತೆ, ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ ಅಂತ ಎಷ್ಟೋ ಕೇಂದ್ರಗಳಲ್ಲಿ ಹೇಳುತ್ತಾರೆ. ಸುಮ್ನೆ ಬ್ರಾಡ್‌ಬ್ಯಾಂಡಿನವರನ್ನು ಬೈಯುತ್ತಾರೆ. ಬಫರ್ ಎಷ್ಟು ತುಂಬಿದೆ ಅಂತ ನೋಡುತ್ತಾ, ನುಡಿಸುವ ವೇಗವನ್ನು ಕಿವಿಗೆ ಗೊತ್ತಾಗದಷ್ಟು ಹೆಚ್ಚು ಕಡಿಮೆ ಮಾಡುವ ತಂತ್ರಾಂಶ ಇದಕ್ಕೆ ಮದ್ದು. ಪ್ರಸಾರಕ್ಕೆಂದೇ ಮಾಡಿದ ಡಿಕೋಡರುಗಳಲ್ಲಿ (ನೆಟ್ಟಿನಿಂದ ಬಂದುದನ್ನು ಮತ್ತೆ ಧ್ವನಿಯಾಗಿಸುವ ಯಂತ್ರಗಳು) ಇದು ಇರುತ್ತದೆ. ಮಾಮೂಲಿ ಮ್ಯೂಸಿಕ್ ಪ್ಲೇಯರುಗಳನ್ನು ನಂಬಬೇಡಿ.

ಹಾಗಾಗಿ ಮೊದಲು ಐಸ್‌ಕಾಸ್ಟನ್ನು ಈ ಕೆಲಸದಿಂದ ಬಿಡಿಸಿ. ಮೊಬೈಲಿನಲ್ಲಿ ಕೇಳುವವರಿಗೆ ಅದು ಚೆನ್ನಾಗಿದೆ, ಇರಲಿ. ಗುಡ್ಡಕ್ಕೆ ಎಸ್‌ಆರ್‌ಟಿ ಬಳಸಿ, ಲೈವ್ ಧ್ವನಿ, ವಿಡಿಯೊ ಕಳಿಸಲೆಂದೇ ಮಾಡಿದ ಪದ್ಧತಿ ಅದು. 2017ರಲ್ಲಿ ಇದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದರು. ಈಗ ಎಫ್‌ಎಫ್‌ಎಂಪೆಗ್, ಲಿಕ್ವಿಡ್‌ಸೋಪ್ ಅನ್ನುವ ಉಚಿತ ತಂತ್ರಾಂಶಗಳೆರಡರಲ್ಲೂ ಸಿಗುತ್ತದೆ. ಇದರಲ್ಲಿ ಕಳೆದ ಪ್ಯಾಕೆಟ್ಟನ್ನು ಮತ್ತೆ ಕೇಳುತ್ತಾರೆ, ಆದರೆ ನೀವು ಕೊಟ್ಟ ಗಡುವಿನ ತನಕ ಮಾತ್ರ. ಗಡುವು ಮೀರಿದರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. 20 ಮಿಲಿಸೆಕೆಂಡ್ ಹೋದರೆ ಯಾರಿಗೂ ಗೊತ್ತಾಗದು. ತಡ ಮಾತ್ರ ಬೆಳಗ್ಗೆ ಎಷ್ಟಿತ್ತೋ ಸಂಜೆಗೂ ಹೆಚ್ಚುಕಡಿಮೆ ಅಷ್ಟೇ. ಪ್ಯಾಕೆಟ್ ಹೋಗಿ ಬರುವ ಸಮಯದ ನಾಲ್ಕು ಪಟ್ಟು ಗಡುವು ಸಾಕು ಅಂತ ವಾಡಿಕೆ. ನಿಮಗೆ ಎರಡು ಸೆಕೆಂಡ್ ಇಡಿ ಅನ್ನುತ್ತೇನೆ. ಜಿಪುಣತನ ಬೇಡ.

ಎಂಪಿ3 ಕೂಡ ಬಿಡಿ. ನಿಮ್ಮ ಹಾಡುಗಳು ಹೇಗೂ ಎಂಪಿ3ಯಲ್ಲೇ ಇರುತ್ತವೆ. ಒಂದು ಸಲ ಹಿಂಡಿದ್ದನ್ನು 128ರಲ್ಲಿ ಮತ್ತೆ ಹಿಂಡಿದರೆ ಉಳಿಯುವುದೇನು? ಹೆಣ್ಣುದನಿಯಲ್ಲಿ ಸ, ಶ ಬರುವ ಕಡೆ ಕಿವಿಗೊಟ್ಟು ಕೇಳಿ. ನೀರಿನೊಳಗಿಂದ ಬಂದ ಹಾಗೆ ಸರಸರ ಅನ್ನುತ್ತಿರುತ್ತದೆ. ಓಪಸ್ ಅನ್ನುವ ಕೋಡೆಕ್ಕಿನಲ್ಲಿ (ಧ್ವನಿಯನ್ನು ಹಿಂಡಿ ಬಿಚ್ಚುವ ವಿಧಾನ) 256 ಕೆಬಿಪಿಎಸ್ ಇಡಿ. ಅದು 2012ರಿಂದ ಇಂಟರ್‌ನೆಟ್ಟಿನ ಅಧಿಕೃತ ಮಾನದಂಡ, ಲೈಸೆನ್ಸ್ ಶುಲ್ಕ ಇಲ್ಲ, ತಡವೂ ಕಡಿಮೆ. ಲೈನ್ ಸರಿಯಿದ್ದರೆ ಕಂಪ್ರೆಸ್ಸೇ ಮಾಡದೆ ಕಳಿಸಿ ನೋಡಿ.

ಧ್ವನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ಇರುವ ಆಡಿಯೊ ಪ್ರೊಸೆಸರ್ ಸ್ಟುಡಿಯೊದಲ್ಲಿದ್ದರೆ ಗುಡ್ಡಕ್ಕೆ ಒಯ್ಯಿರಿ. ಕೋಡೆಕ್ ಧ್ವನಿಯನ್ನು ಹಿಂಡಿ ಬಿಚ್ಚುವಾಗ ಲಿಮಿಟರ್ ಕತ್ತರಿಸಿದ ತುದಿಗಳು ಮತ್ತೆ ಮೇಲೇಳುತ್ತವೆ. ಎಫ್‌ಎಂನಲ್ಲಿ ಡೀವಿಯೇಷನ್ನಿಗೆ, ಅಂದರೆ ಧ್ವನಿಗೆ ತಕ್ಕಂತೆ ತರಂಗಾಂತರ ಓಲಾಡುವುದಕ್ಕೆ, 75 ಕಿಲೋಹರ್ಟ್ಸ್ ಮಿತಿ ಇದೆ ಅಲ್ವಾ? ಆ ತುದಿಗಳು ಮಿತಿ ದಾಟುತ್ತವೆ. ದಾಟಬಾರದು ಅಂತ ನೀವು ಒಟ್ಟಾರೆ ಧ್ವನಿ ಇಳಿಸುತ್ತೀರಿ, ಕೇಂದ್ರ ಮೆತ್ತಗೆ ಕೇಳುತ್ತದೆ. ಪ್ರೊಸೆಸರ್, ಸ್ಟೀರಿಯೊ ಎನ್‌ಕೋಡರ್ (ಎಡ, ಬಲ ಧ್ವನಿಗಳನ್ನು ಪ್ರಸಾರಕ್ಕೆ ಒಂದಾಗಿಸುವ ಭಾಗ) ಎರಡೂ ಟ್ರಾನ್ಸ್‌ಮಿಟರಿನ ಪಕ್ಕದಲ್ಲಿರಲಿ. ಪ್ರೀ-ಎಂಫಸಿಸ್ (ಕಳಿಸುವ ಮೊದಲು ಚೂಪು ಸದ್ದುಗಳನ್ನು ಎತ್ತುವ ಸೆಟಿಂಗ್) 50 ಮೈಕ್ರೊಸೆಕೆಂಡಿನಲ್ಲಿದೆಯಾ ನೋಡಿ. ಅಮೆರಿಕಕ್ಕೆಂದು ಸೆಟ್ ಮಾಡಿ ಬಂದ ಯಂತ್ರಗಳಲ್ಲಿ 75 ಇರುತ್ತದೆ, ಆಗ ಎಸ್ ಶಬ್ದಗಳು ಕಿವಿಗೆ ಚುಚ್ಚುತ್ತವೆ.

ಇನ್ನು ಮಳೆಗೆ ನಿಂತುಹೋಗುವ ವಿಷಯ. ನಾನು ಮುಖ್ಯವಾಗಿ ಹೇಳಬೇಕಾದ್ದು ಇಲ್ಲೇ ಇದೆ. ಮಲೆನಾಡಿನಲ್ಲಿ ನೆಟ್ ಹೋಗಿಯೇ ಹೋಗುತ್ತದೆ. ಕೊಂಬೆ ಬೀಳುತ್ತದೆ, ಕಂಬ ವಾಲುತ್ತದೆ, ಕರೆಂಟು ಎರಡು ದಿನ ಇರುವುದಿಲ್ಲ. ನೆಟ್ ಹೋಗದ ಹಾಗೆ ಮಾಡುತ್ತೇನೆ ಅಂತ ಹೊರಟರೆ ದುಡ್ಡು ಮುಗಿಯುತ್ತದೆ, ಕೆಲಸ ಮುಗಿಯುವುದಿಲ್ಲ. ನೆಟ್ ಹೋದಾಗ ಗುಡ್ಡದ ಮೇಲಿನ ಕೊಠಡಿ ತಾನೇ ಒಂದು ಪುಟ್ಟ ಕೇಂದ್ರವಾಗಿ ನಡೆಯುವ ಹಾಗೆ ಕಟ್ಟಿ.

ಯೋಚಿಸಿ ನೋಡಿ, ನಿಮ್ಮ ದಿನದ ಪ್ರಸಾರದಲ್ಲಿ ನಿಜಕ್ಕೂ ಲೈವ್ ಎಷ್ಟು? ಬೆಳಗಿನ ಮಾತು, ಫೋನ್-ಇನ್, ಯಾವುದಾದರೂ ಜಾತ್ರೆಯ ನೇರ ಪ್ರಸಾರ. ಮಿಕ್ಕಿದ್ದೆಲ್ಲ ಮೊದಲೇ ರೆಕಾರ್ಡ್ ಆದದ್ದು. ಅದನ್ನು ಸೆಕೆಂಡಿಗೆ ಐವತ್ತು ಪ್ಯಾಕೆಟ್ಟಿನಂತೆ ಗಡುವು ಹಾಕಿ ಕಳಿಸುವ ದರ್ದೇನು? ಹಿಂದಿನ ರಾತ್ರಿಯೇ ಫೈಲಾಗಿ ಕಳಿಸಿ. 256 ಕೆಬಿಪಿಎಸ್‌ನ ಒಂದು ಗಂಟೆ ಕಾರ್ಯಕ್ರಮ 115 ಎಂಬಿ. ರಾತ್ರಿ ನಾಲ್ಕು ಸಲ ಕಟ್ ಆದರೂ ಬೆಳಗಾಗುವುದರೊಳಗೆ ತಲುಪಿರುತ್ತದೆ. ಆರ್‌ಸಿಂಕ್ ಅನ್ನುವ ಉಚಿತ ತಂತ್ರಾಂಶ ಎರಡೂ ಕಡೆಯ ಫೋಲ್ಡರುಗಳನ್ನು ಒಂದೇ ಥರ ಇಡುತ್ತದೆ. ಗುಡ್ಡದ ಕಂಪ್ಯೂಟರಿನಲ್ಲಿ ಲಿಕ್ವಿಡ್‌ಸೋಪ್ ಹಾಕಿ. ಲೈವ್ ಬರುತ್ತಿದ್ದರೆ ಅದನ್ನು ಹಾಕು, ಇಲ್ಲದಿದ್ದರೆ ಈ ಹೊತ್ತಿನ ಫೈಲ್ ಹಾಕು, ಅದೂ ಇಲ್ಲದಿದ್ದರೆ ಹಾಡಿನ ಫೋಲ್ಡರ್ ತೆರೆ ಅಂತ ಅದಕ್ಕೆ ಹೇಳಿಕೊಡಬಹುದು. ಲಿಂಕ್ ಸರಿಯಿದ್ದು ಮೈಕಿನ ಧ್ವನಿ ಏರಿಳಿಸುವ ಫೇಡರ್ ಕೆಳಗಿದ್ದರೆ? ಇಪ್ಪತ್ತು ಸೆಕೆಂಡ್ ನಿಶ್ಶಬ್ದ ಆದರೂ ಬದಲಾಯಿಸು ಅನ್ನುವ ನಿಯಮ ಸೇರಿಸಿ.

ಹೀಗೆ ಮಾಡಿದ ಮೇಲೆ ನೆಟ್ ಹೋಗುವುದು ತುರ್ತುಸ್ಥಿತಿ ಅಲ್ಲ. ನೆರೆ ಬಂದ ದಿನ, ಮೊಬೈಲ್ ಟವರ್ ಕೂಡ ಸತ್ತಿರುವಾಗ, ನಿಮ್ಮವರು ಯಾರಾದರೂ ಗುಡ್ಡ ಹತ್ತಿ ಒಂದು ಯುಎಸ್‌ಬಿ ಮೈಕ್ ಚುಚ್ಚಿದರೂ ಊರಿಗೆ ಮಾತು ತಲುಪುತ್ತದೆ. ಸಮುದಾಯ ರೇಡಿಯೊ ಇರಬೇಕಾದ್ದು ಅಂಥ ದಿನಕ್ಕೇ.

ಎರಡನೇ ಲೈನ್ ಬೇಕಾ? ಬೇಕು. ಆದರೆ ಇಬ್ಬರು ಬೇರೆಬೇರೆ ಕಂಪನಿಯವರ ಕೇಬಲ್ ತೆಗೆದುಕೊಂಡು ನಿಶ್ಚಿಂತೆಯಿಂದ ಕೂರಬೇಡಿ. ಗುಡ್ಡದ ಬುಡದಿಂದ ಒಂದು ಸಲ ನಡೆದು ನೋಡಿ. ಎರಡೂ ಕೇಬಲ್ ಅದೇ ವಿದ್ಯುತ್ ಕಂಬಗಳ ಮೇಲೆ ಜೋಡಿಯಾಗಿ ಹೋಗುತ್ತಿದ್ದರೆ ಒಂದೇ ಕೊಂಬೆ ಎರಡನ್ನೂ ಕೆಡವುತ್ತದೆ. ಒಂದು ಫೈಬರ್, ಇನ್ನೊಂದು 4ಜಿ ಇರಲಿ. ಒಂದೇ ಧ್ವನಿಯನ್ನು ಎರಡೂ ದಾರಿಯಲ್ಲಿ ಒಟ್ಟಿಗೆ ಕಳಿಸಿ, ಮೊದಲು ಬಂದ ಪ್ಯಾಕೆಟ್ಟನ್ನು ತೆಗೆದುಕೊಳ್ಳುವ ವ್ಯವಸ್ಥೆ ದುಬಾರಿ ಪೆಟ್ಟಿಗೆಗಳಲ್ಲಿದೆ. ನಿಮಗೆ ಅಷ್ಟು ಬೇಡ. ಫೈಬರ್ ಹೋದಾಗ ರೂಟರ್ ತಾನಾಗಿ 4ಜಿಗೆ ತಿರುಗಿದರೆ ಸಾಕು, ನಡುವಿನ ಖಾಲಿಗೆ ಗುಡ್ಡದ ಹಾಡಿನ ಫೋಲ್ಡರ್ ಇದೆ. 4ಜಿ ರೀಚಾರ್ಜಿನ ಲೆಕ್ಕ ಮಾತ್ರ ಮೊದಲೇ ಮಾಡಿ. 144 ಕೆಬಿಪಿಎಸ್ ಸ್ಟ್ರೀಮ್ ಇಡೀ ದಿನ ಓಡಿದರೆ 1.55 ಜಿಬಿ ಆಗುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿದ್ದರೆ ರಾತ್ರಿ ಹನ್ನೊಂದು ದಾಟಿದ ಮೇಲೆ ಮುಗಿಯಿತು. ಓಪಸ್ 256 ಇಟ್ಟರೆ ಮಧ್ಯಾಹ್ನಕ್ಕೇ ಖಾಲಿ. ಹಾಗಾಗಿ 4ಜಿಗೆ ತಿರುಗಿದಾಗ 96ಕ್ಕೆ ಇಳಿಸಿ.

ಮಳೆಗೆ ನಿಮ್ಮ ಲೈನ್ ಹೋಗುವುದು ಬಹುಪಾಲು ಕರೆಂಟಿನಿಂದ ಅಂತ ನನ್ನ ಊಹೆ. ಫೈಬರಿಗೆ ನೀರಿನ ಭಯವಿಲ್ಲ. ಆದರೆ ನಡುವೆ ಎಲ್ಲೋ ಕೇಬಲ್‌ನವರ ಅಂಗಡಿಯಲ್ಲಿ ಒಂದು ಸ್ವಿಚ್ ಇರುತ್ತದೆ, ಅದಕ್ಕೆ ಒಂದು ಸಣ್ಣ ಯುಪಿಎಸ್. ಕರೆಂಟು ಹೋಗಿ ಎಷ್ಟು ಹೊತ್ತಿಗೆ ನೆಟ್ ಹೋಗುತ್ತದೆ ಅಂತ ಬರೆದಿಡಿ. ಪ್ರತಿ ಸಲವೂ ಅಷ್ಟೇ ಹೊತ್ತಾದರೆ ಆ ಯುಪಿಎಸ್ಸಿನ ಆಯಸ್ಸು ಅದು. ಅವರ ಜೊತೆ ಮಾತಾಡಿ, ಖರ್ಚಿನಲ್ಲಿ ಪಾಲು ಕೊಟ್ಟು ದೊಡ್ಡ ಬ್ಯಾಟರಿ ಹಾಕಿಸಿ. ನಿಮ್ಮ ಎರಡೂ ಕಡೆಯ ರೂಟರ್, ಫೈಬರ್ ಮೋಡೆಮ್ ಕೂಡ ಇನ್ವರ್ಟರ್ ಮೇಲೆ ಇರಬೇಕು. ಟ್ರಾನ್ಸ್‌ಮಿಟರಿಗೆ ಬ್ಯಾಕಪ್ ಕೊಟ್ಟು ಮೋಡೆಮ್ಮನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿರುವುದು ಎಷ್ಟೋ ಕಡೆ ಕಾಣುತ್ತದೆ.

ಸಿಡಿಲಿನ ಬಗ್ಗೆ ಒಂದು ಮಾತು. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು. ಆದರೆ ಕೇಬಲ್ ಜೊತೆ ಎಳೆದು ಕಟ್ಟಲು ಉಕ್ಕಿನ ತಂತಿ ಇರುತ್ತದೆ, ಅದು ಹರಿಸುತ್ತದೆ. ಆ ತಂತಿಯನ್ನು ಕಟ್ಟಡದ ಹೊರಗೇ ಕತ್ತರಿಸಿ, ಬರೀ ಎಳೆಯನ್ನು ಒಳಗೆ ತನ್ನಿ.

ಈಗ ಬಾಗಿಲು ಭದ್ರ ಮಾಡುವ ವಿಷಯ. 2016ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲೊರಾಡೊ, ಟೆಕ್ಸಾಸ್ ಕಡೆಯ ಕೆಲವು ಎಫ್‌ಎಂ ಕೇಂದ್ರಗಳ ಟ್ರಾನ್ಸ್‌ಮಿಟರುಗಳಿಂದ ಇದ್ದಕ್ಕಿದ್ದಂತೆ ಬೇರೆಯವರ ಅಸಭ್ಯ ಮಾತುಕತೆ ಪ್ರಸಾರವಾಯಿತು. ಟ್ರಾನ್ಸ್‌ಮಿಟರ್ ಬಳಿಯ ಡಿಕೋಡರುಗಳು ಇಂಟರ್‌ನೆಟ್ಟಿಗೆ ನೇರ ತೆರೆದುಕೊಂಡಿದ್ದವು, ಪಾಸ್‌ವರ್ಡ್ ಗಟ್ಟಿ ಇರಲಿಲ್ಲ. ಒಳಗೆ ಹೊಕ್ಕವರು ಪಾಸ್‌ವರ್ಡ್ ಬದಲಿಸಿಬಿಟ್ಟಿದ್ದರಿಂದ ಸಿಬ್ಬಂದಿ ಟ್ರಾನ್ಸ್‌ಮಿಟರ್ ಇದ್ದ ಜಾಗಕ್ಕೇ ಹೋಗಿ ಸರಿಮಾಡಬೇಕಾಯಿತು. ನಿಮ್ಮಲ್ಲಿ ಹಾಗಾದರೆ ಕೇಳುಗರು ನಿಮ್ಮನ್ನೇ ಕೇಳುತ್ತಾರೆ, ಲೈಸೆನ್ಸ್ ಕೊಟ್ಟ ಸಚಿವಾಲಯವೂ ನಿಮ್ಮನ್ನೇ ಕೇಳುತ್ತದೆ. ಗುಡ್ಡದ ಕಂಪ್ಯೂಟರಿನ ಯಾವ ಪೋರ್ಟನ್ನೂ (ನೆಟ್ಟಿನಿಂದ ಒಳಬರುವ ಬಾಗಿಲು) ಹೊರಗಿನವರಿಗೆ ತೆರೆಯಬೇಡಿ. ವೈರ್‌ಗಾರ್ಡ್ ಅನ್ನುವ ವಿಪಿಎನ್ (ಎರಡೂ ಕಡೆಯ ನಡುವಿನ ಬೀಗ ಹಾಕಿದ ಖಾಸಗಿ ದಾರಿ) ಹಾಕಿ, ಧ್ವನಿ, ಫೈಲು, ಟ್ರಾನ್ಸ್‌ಮಿಟರಿನ ಕಂಟ್ರೋಲ್ ಎಲ್ಲವೂ ಅದರೊಳಗೇ ಹೋಗಲಿ. ಇದರಿಂದ ಇನ್ನೊಂದು ತೊಡಕೂ ಬಿಡುತ್ತದೆ. 4ಜಿ ಕನೆಕ್ಷನ್ನಿಗೆ ಸಾಮಾನ್ಯವಾಗಿ ಸ್ವಂತ ಸಾರ್ವಜನಿಕ ಐಪಿ ವಿಳಾಸ ಸಿಗದು, ಸಾವಿರಾರು ಜನ ಒಂದೇ ವಿಳಾಸ ಹಂಚಿಕೊಂಡಿರುತ್ತಾರೆ. ಹೊರಗಿನಿಂದ ಕರೆದರೆ ಗುಡ್ಡ ಸಿಗುವುದಿಲ್ಲ. ಹಾಗಾಗಿ ಗುಡ್ಡವೇ ಸ್ಟುಡಿಯೊವನ್ನು ಕರೆಯಲಿ. ಸ್ಟುಡಿಯೊದಲ್ಲಿ ಮಾತ್ರ ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ತೆಗೆದುಕೊಳ್ಳಿ, ಗುಡ್ಡದ ಕಡೆ 25 ಸೆಕೆಂಡಿಗೊಂದು ಕೀಪ್‌ಅಲೈವ್ (ದಾರಿ ಮುಚ್ಚಿಹೋಗದಂತೆ ಕಳಿಸುವ ಪುಟ್ಟ ಸಂದೇಶ) ಇಡಿ.

ಪೆಟ್ಟಿಗೆಯೋ, ಅಂಗೈಯಗಲದ ಅಗ್ಗದ ಕಂಪ್ಯೂಟರ್ ರಾಸ್ಪ್‌ಬೆರಿ ಪೈಯೋ? ನಿಮ್ಮಲ್ಲಿ ಲಿನಕ್ಸ್ ಬಲ್ಲ ಒಬ್ಬರು ಖಾಯಂ ಇದ್ದರೆ ಪೈ ಸಾಕು. ಒಬ್ಬ ಹುಡುಗ ಮಾಡಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬಿಡುವ ಹಾಗಿದ್ದರೆ ಪೆಟ್ಟಿಗೆಯೇ ವಾಸಿ. ಪೈ ಹಾಕಿದರೆ ಅದರ ಸ್ವಂತ ಹೆಡ್‌ಫೋನ್ ಜ್ಯಾಕ್ ಬಳಸಬೇಡಿ, ಗೊರಗೊರ ಸದ್ದು ಬರುತ್ತದೆ. ಹೊರಗಿನ ಗದ್ದಲ ತಡೆಯುವ ಬ್ಯಾಲೆನ್ಸ್ಡ್ ಔಟ್‌ಪುಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಳ್ಳಿ. ಕರೆಂಟು ಹೋಗಿ ಬಂದಾಗ ಮೆಮೊರಿ ಕಾರ್ಡ್ ಕೆಡುವುದು ಮಾಮೂಲಿ, ಎಸ್‌ಎಸ್‌ಡಿ ಹಾಕಿ. ಎಲ್ಲವನ್ನೂ ಲೋಹದ ಡಬ್ಬಿಯಲ್ಲಿಟ್ಟು ಅರ್ಥ್ ಮಾಡಿ, ಇಲ್ಲದಿದ್ದರೆ ಪಕ್ಕದ ಆ್ಯಂಟೆನಾದ ಶಕ್ತಿ ಅದರೊಳಗೆ ನುಗ್ಗುತ್ತದೆ.

ಪ್ರಸಾರವಾದ ಕಾರ್ಯಕ್ರಮಗಳನ್ನು ಮೂರು ತಿಂಗಳು ಕಾಯ್ದಿಡಬೇಕು ಅಂತ ನಿಯಮ ಇದೆ, ನಿಮಗೆ ಗೊತ್ತು. ಆ ರೆಕಾರ್ಡಿಂಗನ್ನು ಮಿಕ್ಸರಿನಿಂದ ಮಾಡಬೇಡಿ. ಸ್ಟುಡಿಯೊದಲ್ಲಿ ಒಂದು ಎಫ್‌ಎಂ ಟ್ಯೂನರ್ ಇಟ್ಟು ಅದರಿಂದ ಮಾಡಿ. ಆಗ ಊರಿಗೆ ನಿಜಕ್ಕೂ ಏನು ಕೇಳಿಸಿತು ಅನ್ನುವುದು ದಾಖಲಾಗುತ್ತದೆ, ಎಷ್ಟು ಹೊತ್ತಿಗೆ ಕಟ್ ಆಯಿತು ಅಂತ ಹುಡುಕಲೂ ಸುಲಭ.

ಕಡೆಯದಾಗಿ, ಸ್ಟುಡಿಯೊದ ತಾರಸಿಯಿಂದ ಗುಡ್ಡದ ಮಾಸ್ಟ್ ಕಾಣುತ್ತದಾ ಅಂತ ನೀವು ಬರೆದಿಲ್ಲ. ಕಾಣುವುದಾದರೆ ಕಂಬ, ಕೇಬಲ್ ಯಾವುದರ ಹಂಗೂ ಇಲ್ಲದ ದಾರಿ ನಿಮಗಿದೆ. 2018ರಿಂದ ನಮ್ಮ ದೇಶದಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗಕ್ಕೆ ಲೈಸೆನ್ಸ್ ಬೇಡ. ಎರಡೂ ಕಡೆ ಒಂದೊಂದು ಡಿಶ್ ರೇಡಿಯೊ ಕೂರಿಸಿದರೆ ನಿಮ್ಮದೇ ಲಿಂಕ್ ಆಯಿತು. ಮಳೆಯ ಹನಿಗಳಿಂದ 7 ಕಿಲೋಮೀಟರಿಗೆ ಈ ತರಂಗಕ್ಕೆ ಏನೂ ಆಗದು. ಎಲೆಗಳಿಂದ ಆಗುತ್ತದೆ, ಅದರಲ್ಲೂ ನೆನೆದ ಎಲೆಗಳಿಂದ. ಬರೀ ಕಣ್ಣಿಗೆ ಕಂಡರೆ ಸಾಲದು. ನಡುದಾರಿಯಲ್ಲಿ ಆ ನೇರ ಗೆರೆಯ ಸುತ್ತ ಸುಮಾರು ಒಂಬತ್ತೂವರೆ ಮೀಟರ್ ತ್ರಿಜ್ಯದ ಜಾಗ ಲೆಕ್ಕಕ್ಕೆ ಬರುತ್ತದೆ, ಅದರಲ್ಲಿ ಕಡೇಪಕ್ಷ ಆರು ಮೀಟರಾದರೂ ಖಾಲಿ ಇರಬೇಕು. ಆಗಸ್ಟ್ ತಿಂಗಳಲ್ಲಿ ಮಂಜು ಸರಿದ ಹೊತ್ತು ನೋಡಿ ಬೈನಾಕ್ಯುಲರಿನಲ್ಲಿ ನೋಡಿ, ನಡುವಿನ ಮರಗಳ ತುದಿಯ ಫೋಟೊ ತೆಗೆದು ಕಳಿಸಿ. ಜಾಗ ಇದ್ದರೆ ಈ ಲಿಂಕ್ ಮೊದಲನೇ ದಾರಿ, ಈಗಿರುವ ಬ್ರಾಡ್‌ಬ್ಯಾಂಡ್ ಎರಡನೆಯದು. 4ಜಿ ಖರ್ಚು ಉಳಿಯುತ್ತದೆ.